ಹೊಸ ಕಂಪ್ಯೂಟರ್ ತಂದರೆ ಕರೆಂಟ್ ಉಳಿಯುತ್ತದೆಯೇ, ಕೋಣೆಯ ಸೆಕೆ ಇಳಿಯುತ್ತದೆಯೇ?

ಪ್ರಶ್ನೆ: ನನ್ನ ಡೆಸ್ಕ್‌ಟಾಪ್ 2013ರದು. ನಾಲ್ಕನೇ ಪೀಳಿಗೆಯ ಕೋರ್ ಐ7, ಆ ಕಾಲದ 170 ವ್ಯಾಟ್‌ನ ಗ್ರಾಫಿಕ್ಸ್ ಕಾರ್ಡ್, 60 ಹರ್ಟ್ಸ್‌ನ ಮಾನಿಟರ್. ದಿನಕ್ಕೆ 8 ಗಂಟೆ ಟೈಪಿಂಗ್, ಬ್ರೌಸಿಂಗ್, ವಿಡಿಯೊ. ಸಂಜೆ 2 ಗಂಟೆ ಗೇಮ್. ರಾತ್ರಿ ಸ್ಕ್ರೀನ್ ಮಾತ್ರ ಆಫ್ ಮಾಡುತ್ತೇನೆ, ಬೆಳಿಗ್ಗೆ ಎಲ್ಲವೂ ತೆರೆದೇ ಇರಲಿ ಎಂದು. ಸಂಜೆಯಾದರೆ ಕೋಣೆಯಲ್ಲಿ ಕೂರಲಾಗದಷ್ಟು ಸೆಕೆ. ಹೊಸ ಪ್ರೊಸೆಸರ್‌ಗಳು ಕಡಿಮೆ ಕರೆಂಟ್ ತಿನ್ನುತ್ತವೆ, ಬಿಸಿಯೂ ಆಗುವುದಿಲ್ಲ ಎನ್ನುತ್ತಾರೆ. ಆದರೆ ಹೊಸದಕ್ಕೆ 850 ವ್ಯಾಟ್‌ನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ) ಬೇಕಂತೆ, ನನ್ನದರಲ್ಲಿ ಇರುವುದು 600. ಯಾವ ಮಾತು ನಿಜ?

ಉತ್ತರ: ಎರಡೂ ಮಾತು ಅರ್ಧರ್ಧ ನಿಜ. ಆದರೆ ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಪ್ರೊಸೆಸರೂ ಅಲ್ಲ, ಎಸ್‌ಎಂಪಿಎಸ್ಸೂ ಅಲ್ಲ. ‘ರಾತ್ರಿ ಸ್ಕ್ರೀನ್ ಮಾತ್ರ ಆಫ್ ಮಾಡುತ್ತೇನೆ’ ಎಂದಿರಲ್ಲ, ಅದು. ಅದಕ್ಕೆ ಮುಂದೆ ಬರೋಣ. ಮೊದಲು 850ರ ಗಾಬರಿ ಕಳೆಯಲಿ.

ಎಸ್‌ಎಂಪಿಎಸ್ ಮೇಲೆ ಬರೆದಿರುವುದು ಅದು ಎಷ್ಟು ಕೊಡಬಲ್ಲದು ಎಂಬುದನ್ನು, ಎಷ್ಟು ಎಳೆಯುತ್ತದೆ ಎಂಬುದನ್ನಲ್ಲ. ಬಚ್ಚಲಲ್ಲಿ ನೂರು ಲೀಟರಿನ ಹಂಡೆ ಇದೆ ಎಂದ ಮಾತ್ರಕ್ಕೆ ಕೈ ತೊಳೆಯಲು ಯಾರೂ ನೂರು ಲೀಟರ್ ಸುರಿಯುವುದಿಲ್ಲ. ಒಳಗಿನ ಭಾಗಗಳು 70 ವ್ಯಾಟ್ ಕೇಳಿದರೆ 850ರ ಎಸ್‌ಎಂಪಿಎಸ್ ಕೂಡ ಆ 70ನ್ನೂ ತನ್ನ ನಷ್ಟವನ್ನೂ ಸೇರಿಸಿ ಗೋಡೆಯಿಂದ ಎಳೆಯುತ್ತದೆ, ಅಷ್ಟೇ. ನೋಡಬೇಕಾದದ್ದು ಆ ನಷ್ಟವನ್ನು. ಒಳಗೆ 200 ವ್ಯಾಟ್ ಬೇಕಾದಾಗ ನೂರಕ್ಕೆ 80ರ ದಕ್ಷತೆಯದು 250 ಎಳೆಯುತ್ತದೆ, 90ರ ದಕ್ಷತೆಯದು ಸುಮಾರು 222. ಮಧ್ಯದ 28 ವ್ಯಾಟ್ ಎಸ್‌ಎಂಪಿಎಸ್ ಒಳಗೇ ಶಾಖವಾಗಿ ಹೋಗುತ್ತದೆ. ಇನ್ನೊಂದು ವಿಷಯವನ್ನು ಮಾರುವವರು ಹೇಳುವುದು ಕಡಿಮೆ. ಎಸ್‌ಎಂಪಿಎಸ್ ದಕ್ಷತೆಗೆ ಕೊಡುವ 80 ಪ್ಲಸ್ ಪ್ರಮಾಣಪತ್ರದ ಬ್ರಾಂಜ್, ಗೋಲ್ಡ್ ದರ್ಜೆಗಳ ಪರೀಕ್ಷೆ ಶುರುವಾಗುವುದೇ ಸಾಮರ್ಥ್ಯದ ನೂರಕ್ಕೆ 20ರಷ್ಟು ಹೊರೆಯಿಂದ. ಟೈಟಾನಿಯಂ ದರ್ಜೆಗೆ 10ರಲ್ಲೂ ಪರೀಕ್ಷೆಯಿದೆ. ಟೈಪ್ ಮಾಡುತ್ತ ಕುಳಿತಾಗ ನಿಮ್ಮ ಹೊರೆ 850ರಲ್ಲಿ ನೂರಕ್ಕೆ 7–8ರಷ್ಟು. ಅಲ್ಲಿ ದಕ್ಷತೆ ಡಬ್ಬದ ಮೇಲಿನ ಅಂಕಿಗಿಂತ ಕೆಳಗಿರುತ್ತದೆ. ಅಗತ್ಯಕ್ಕಿಂತ ತೀರಾ ದೊಡ್ಡದನ್ನು ತರಬೇಡಿ ಎನ್ನಲು ಇದೇ ಕಾರಣ.

ಇನ್ನು ಸೆಕೆ. ಕಂಪ್ಯೂಟರ್ ಗೋಡೆಯಿಂದ ಎಳೆದ ಕರೆಂಟ್ ಲೆಕ್ಕ ಮಾಡಿ, ಚಿತ್ರ ತೋರಿಸಿ, ಫ್ಯಾನ್ ತಿರುಗಿಸಿ, ಕೊನೆಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಕೋಣೆಗೆ ಬರುತ್ತದೆ. 300 ವ್ಯಾಟ್ ಎಳೆಯುವ ಕಂಪ್ಯೂಟರೂ 300 ವ್ಯಾಟ್‌ನ ಹೀಟರೂ ಕೋಣೆಯ ಮಟ್ಟಿಗೆ ಒಂದೇ. ಹಾಗಾಗಿ ಕರೆಂಟಿಗೂ ಸೆಕೆಗೂ ಬೇರೆ ಬೇರೆ ಲೆಕ್ಕ ಬೇಡ, ವ್ಯಾಟ್ ಒಂದನ್ನು ತಿಳಿದರೆ ಎರಡೂ ತಿಳಿದಂತೆ.

ಇಲ್ಲಿ ಬಹಳ ಜನ ಎಡವುತ್ತಾರೆ: ಚಿಪ್ಪಿನ ತಾಪಮಾನವನ್ನು ನೋಡಿ ಕೋಣೆಯ ಶಾಖವನ್ನು ಅಳೆಯಲು ಹೊರಡುತ್ತಾರೆ. ಪ್ರೊಸೆಸರ್ 90 ಡಿಗ್ರಿ ತೋರಿಸುತ್ತಿದೆ ಎಂದರೆ ಅದು ಹೆಚ್ಚು ಶಾಖ ಬಿಡುತ್ತಿದೆ ಎಂದೇನಲ್ಲ. ಬೆರಳುಗುರಿನಷ್ಟು ಜಾಗದಲ್ಲಿ ಹುಟ್ಟಿದ ಶಾಖ ಬೇಗ ಹೊರಬರುತ್ತಿಲ್ಲ ಎಂದಷ್ಟೇ ಅರ್ಥ. ಎಎಂಡಿಯ ರೈಜನ್ 7000 ಸರಣಿಯ ದೊಡ್ಡ ಪ್ರೊಸೆಸರ್‌ಗಳು ಹೊರೆ ಬಿದ್ದಾಗ 95 ಡಿಗ್ರಿವರೆಗೆ ಹೋಗುವಂತೆಯೇ ರೂಪುಗೊಂಡಿವೆ. ದೊಡ್ಡ ಹೀಟ್‌ಸಿಂಕ್ ಹಾಕಿಸಿದರೆ, ಲಿಕ್ವಿಡ್ ಕೂಲರ್ ಹಾಕಿಸಿದರೆ ಚಿಪ್ ತಣ್ಣಗಾಗುತ್ತದೆ, ಕೋಣೆ ಆಗುವುದಿಲ್ಲ. ಅದೇ 150 ವ್ಯಾಟ್ ಇನ್ನಷ್ಟು ಸಲೀಸಾಗಿ ನಿಮ್ಮ ಮೊಣಕಾಲಿನ ಬಳಿ ಬಂದು ಬೀಳುತ್ತದೆ. ಎಷ್ಟೋ ಸಲ ತಣ್ಣಗಾದ ಪ್ರೊಸೆಸರ್ ಇನ್ನೂ ಮೇಲಿನ ವೇಗಕ್ಕೆ ಜಿಗಿದು ಹೆಚ್ಚೇ ಎಳೆಯುತ್ತದೆ. ಕ್ಯಾಬಿನೆಟ್ಟಿನ ಧೂಳು ತೆಗೆಯುವುದು ಒಳ್ಳೆಯದೇ, ಭಾಗಗಳು ಬಾಳಿಕೆ ಬರುತ್ತವೆ, ಸದ್ದು ಇಳಿಯುತ್ತದೆ. ಅದರಿಂದ ಸೆಕೆ ಇಳಿಯುತ್ತದೆ ಎಂದು ಮಾತ್ರ ನಿರೀಕ್ಷಿಸಬೇಡಿ.

ವ್ಯಾಟ್ ಎಂದರೆ ಮೈಗೆ ಎಷ್ಟು ಸೆಕೆ? ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಡುತ್ತದೆ. ಟೈಪಿಂಗ್ ವೇಳೆ 75 ವ್ಯಾಟ್ ಎಳೆಯುವ ನಿಮ್ಮ ಡೆಸ್ಕ್‌ಟಾಪ್ ಕೋಣೆಯಲ್ಲಿ ಇನ್ನೊಬ್ಬರು ಕುಳಿತಂತೆ. ಗೇಮ್ ಆಡುವಾಗ ಮೂವರು ಬಂದು ಕುಳಿತಂತೆ. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ ಇರುವುದು 36 ಘನ ಮೀಟರ್ ಗಾಳಿ. ಗಂಟೆಗೊಮ್ಮೆ ಅಷ್ಟೂ ಗಾಳಿ ಬದಲಾಗುತ್ತದೆ, ಗೋಡೆಗಳು ಏನನ್ನೂ ಹೀರುವುದಿಲ್ಲ ಎಂದುಕೊಂಡರೆ ಬರೀ 60 ವ್ಯಾಟ್ ಸಾಕು, ಒಳಗಿನ ಗಾಳಿ ಹೊರಗಿಗಿಂತ 5 ಡಿಗ್ರಿ ಮೇಲೇರಲು. 300 ವ್ಯಾಟ್ ಬಿಡುತ್ತ ಅದೇ 5 ಡಿಗ್ರಿಯೊಳಗೆ ಇರಬೇಕೆಂದರೆ ಗಂಟೆಗೆ ಐದು ಸಲ ಗಾಳಿ ಬದಲಾಗಬೇಕು. ನಿಜವಾದ ಗೋಡೆ, ನೆಲ, ಚಾವಣಿ ಸಾಕಷ್ಟು ಶಾಖ ಹೀರಿಕೊಳ್ಳುತ್ತವೆ, ಅದಕ್ಕೇ ಮಧ್ಯಾಹ್ನ ಅಷ್ಟಾಗಿ ಗೊತ್ತಾಗುವುದಿಲ್ಲ. ಇಡೀ ದಿನ, ಇಡೀ ರಾತ್ರಿ ಕಂಪ್ಯೂಟರ್ ನಡೆಯುತ್ತಲೇ ಇದ್ದರೆ ಅವೂ ಕಾದು ಕುಳಿತಿರುತ್ತವೆ, ಸಂಜೆ ಗೇಮ್ ಶುರುವಾದಾಗ ಹೀರಲು ಜಾಗವಿರುವುದಿಲ್ಲ. ಸೀಲಿಂಗ್ ಫ್ಯಾನ್ ಈ ಶಾಖವನ್ನು ಹೊರಗೆ ಹಾಕುವುದಿಲ್ಲ, ಮೈಯ ಬೆವರು ಆರಿಸುತ್ತದೆ ಅಷ್ಟೇ. ಎದುರುಬದುರು ಎರಡು ಕಿಟಕಿ ತೆರೆಯುವುದು, ಅಥವಾ ಒಂದು ಕಿಟಕಿಯಲ್ಲಿ ಹೊರಮುಖವಾಗಿ ಎಕ್ಸಾಸ್ಟ್ ಫ್ಯಾನ್ ಇಡುವುದು ಅದಕ್ಕಿಂತ ಎಷ್ಟೋ ಮೇಲು. ಏಸಿ ಇರುವವರು ಇನ್ನೊಂದು ಲೆಕ್ಕ ಸೇರಿಸಿಕೊಳ್ಳಬೇಕು. ಸಾಮಾನ್ಯ ಏಸಿ 1 ವ್ಯಾಟ್ ಕರೆಂಟಿಗೆ ಸುಮಾರು 3 ವ್ಯಾಟ್ ಶಾಖ ಹೊರಹಾಕುತ್ತದೆ. ಹಾಗಾಗಿ 300 ವ್ಯಾಟ್‌ನ ಕಂಪ್ಯೂಟರ್ ಏಸಿ ಕೋಣೆಯಲ್ಲಿ ಖರ್ಚು ಮಾಡಿಸುವುದು 400 ವ್ಯಾಟ್.

ಈಗ ಹೊಸ ಪ್ರೊಸೆಸರ್‌ಗಳ ಮಾತು. ಒಂದು ಕೆಲಸಕ್ಕೆ ಬೇಕಾಗುವ ಕರೆಂಟ್ ನಿಜವಾಗಿಯೂ ಇಳಿದಿದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಒಂದು ಕೆಲಸಕ್ಕೆ ಕಡಿಮೆ ಎನ್ನುವುದು ಬೇರೆ, ಒಂದು ಗಂಟೆಗೆ ಕಡಿಮೆ ಎನ್ನುವುದು ಬೇರೆ. ಇಂಟೆಲ್‌ನ 2011ರ ಐ7-2600ಕೆ ಪ್ರೊಸೆಸರಿನ ಟಿಡಿಪಿ (ಹೊರೆ ಬಿದ್ದಾಗ ಬಿಡುವ ಶಾಖಕ್ಕೆ ತಯಾರಕರು ಕೊಡುವ ಅಂಕಿ) 95 ವ್ಯಾಟ್. 2022ರ ಐ9-13900ಕೆ ಗರಿಷ್ಠ ಟರ್ಬೊದಲ್ಲಿ 253 ವ್ಯಾಟ್. ಎನ್ವಿಡಿಯಾದ 2016ರ ಜಿಟಿಎಕ್ಸ್ 1080 ಕಾರ್ಡಿಗೆ 180 ವ್ಯಾಟ್, 2020ರ ಆರ್‌ಟಿಎಕ್ಸ್ 3080ಗೆ 320, 2022ರ 4090ಗೆ 450, 2025ರ 5090ಗೆ 575. ಪ್ರತಿ ವ್ಯಾಟ್‌ಗೆ ಇವು ಹಳೆಯವಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೆಲಸ ಮಾಡುತ್ತವೆ. ಆದರೆ ನೀವು ಸಂಜೆ ಆಡುವುದು ಇಷ್ಟು ಚಿತ್ರಗಳೆಂದು ಎಣಿಸಿಯಲ್ಲ, ಎರಡು ಗಂಟೆ. ಆ ಎರಡು ಗಂಟೆಯೂ ಕಾರ್ಡ್ ತನ್ನ ಗರಿಷ್ಠದಲ್ಲಿ ದುಡಿದರೆ ಉಳಿತಾಯ ಎಲ್ಲಿಂದ ಬರಬೇಕು? ಉಗಿಯಂತ್ರಗಳು ಸುಧಾರಿಸಿದಷ್ಟೂ ಕಲ್ಲಿದ್ದಲಿನ ಒಟ್ಟು ಬಳಕೆ ಏರಿತು ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ತೋರಿಸಿದ್ದ. ಅದೇ ಲೆಕ್ಕ ಇಲ್ಲಿ ಮೇಜಿನ ಕೆಳಗೆ ನಡೆಯುತ್ತಿದೆ.

ಇದಕ್ಕೊಂದು ಭೌತಿಕ ಕಾರಣವಿದೆ, ಉಪಾಯವೂ ಅದರೊಳಗೇ ಇದೆ. ಚಿಪ್ಪಿನಲ್ಲಿ ಖರ್ಚಾಗುವ ಶಕ್ತಿ ಅದರ ಗಡಿಯಾರದ ವೇಗಕ್ಕೆ ಅನುಪಾತದಲ್ಲಿ ಏರುತ್ತದೆ, ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿ ಏರುತ್ತದೆ. ವೇಗ ಹೆಚ್ಚಬೇಕೆಂದರೆ ವೋಲ್ಟೇಜೂ ಹೆಚ್ಚಬೇಕು, ಹಾಗಾಗಿ ಕೊನೆಯ ಹತ್ತು ಪಾಲಿನ ವೇಗಕ್ಕೆ ವಿಪರೀತ ಬೆಲೆ ತೆರಬೇಕಾಗುತ್ತದೆ. ಪರೀಕ್ಷಾ ಅಂಕಗಳಲ್ಲಿ ಮೇಲೆ ನಿಲ್ಲಬೇಕೆಂದು ತಯಾರಕರು ಕಾರ್ಖಾನೆಯಿಂದಲೇ ಚಿಪ್ಪನ್ನು ಆ ತುದಿಗೆ ತಳ್ಳಿ ಕಳಿಸುತ್ತಾರೆ. ಅಲ್ಲಿಂದ ಸ್ವಲ್ಪ ಹಿಂದಕ್ಕೆ ಎಳೆದರೆ ಸಾಕು. 450 ವ್ಯಾಟ್‌ನ ಕಾರ್ಡನ್ನು ನೂರಕ್ಕೆ 70ಕ್ಕೆ ಮಿತಿಗೊಳಿಸಿದರೆ 315 ವ್ಯಾಟ್; ವೇಗದಲ್ಲಿ ಕಳೆದುಕೊಳ್ಳುವುದು ಸಾಮಾನ್ಯವಾಗಿ ನೂರಕ್ಕೆ ಹತ್ತರೊಳಗೆ.

ಹೊಸ ತಂತ್ರಜ್ಞಾನ ನಿಜವಾಗಿ ಗೆದ್ದಿರುವುದು ಸುಮ್ಮನಿರುವಾಗಿನ ಖರ್ಚಿನಲ್ಲಿ, ಅದೂ ಲ್ಯಾಪ್‌ಟಾಪ್ ಮತ್ತು ಮಿನಿ ಕಂಪ್ಯೂಟರ್‌ಗಳಲ್ಲಿ. ಮ್ಯಾಕ್ ಮಿನಿಯ ಬಗ್ಗೆ ಆಪಲ್ ತಾನೇ ಪ್ರಕಟಿಸಿದ ಅಂಕಿ ನೋಡಿ: 2018ರ ಇಂಟೆಲ್ ಮಾದರಿ ಸುಮ್ಮನಿದ್ದಾಗ ಸುಮಾರು 20 ವ್ಯಾಟ್, ಗರಿಷ್ಠ 122, 2020ರ ಎಂ1 ಮಾದರಿ ಸುಮ್ಮನಿದ್ದಾಗ 7ರೊಳಗೆ, ಗರಿಷ್ಠ 39. ಇಂಟೆಲ್, ಎಎಂಡಿಯ ಲ್ಯಾಪ್‌ಟಾಪ್ ಪ್ರೊಸೆಸರ್ ಹಾಕಿದ ಮಿನಿ ಕಂಪ್ಯೂಟರ್‌ಗಳೂ 6ರಿಂದ 15 ವ್ಯಾಟ್‌ನೊಳಗೆ ಸುಮ್ಮನಿರುತ್ತವೆ. ಆದರೆ ದೊಡ್ಡ ಮದರ್‌ಬೋರ್ಡ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್, ನಾಲ್ಕೈದು ಫ್ಯಾನ್, ಬಣ್ಣದ ದೀಪ, ದೊಡ್ಡ ಎಸ್‌ಎಂಪಿಎಸ್ ಸೇರಿದ ಇಂದಿನ ಗೇಮಿಂಗ್ ಡೆಸ್ಕ್‌ಟಾಪ್ ಸುಮ್ಮನಿದ್ದಾಗ ಈಗಲೂ 60–80 ವ್ಯಾಟ್ ಎಳೆಯುವುದು ಸಾಮಾನ್ಯ. ಹತ್ತು ವರ್ಷ ಹಳೆಯದಕ್ಕೂ ಅದಕ್ಕೂ ಅಲ್ಲಿ ವ್ಯತ್ಯಾಸವೇ ಇಲ್ಲವೆನ್ನಬಹುದು.

ನಿಮ್ಮದನ್ನೇ ಲೆಕ್ಕ ಹಾಕೋಣ. ಇವು ಇಂಥ ಯಂತ್ರಗಳಿಗೆ ಒಪ್ಪುವ ಅಂದಾಜು, ಮಾನಿಟರ್ ಬಿಟ್ಟು. ಹಗುರ ಕೆಲಸಕ್ಕೆ 75 ವ್ಯಾಟ್‌ನಂತೆ 8 ಗಂಟೆ, ಗೇಮಿಗೆ 270 ವ್ಯಾಟ್‌ನಂತೆ 2 ಗಂಟೆ: ದಿನಕ್ಕೆ 1.14 ಯೂನಿಟ್, ತಿಂಗಳಿಗೆ 34. ಉಳಿದ 14 ಗಂಟೆ ಸ್ಕ್ರೀನ್ ಆಫ್ ಆಗಿ ಯಂತ್ರ 65 ವ್ಯಾಟ್‌ನಲ್ಲಿ ನಡೆಯುತ್ತಲೇ ಇರುತ್ತದೆ: ದಿನಕ್ಕೆ 0.91 ಯೂನಿಟ್, ತಿಂಗಳಿಗೆ 27. ಯಾರೂ ಮುಟ್ಟದ ಹೊತ್ತಿನ ಖರ್ಚು ಹತ್ತಿರಹತ್ತಿರ ಇಡೀ ದಿನದ ದುಡಿಮೆಯ ಖರ್ಚಿನಷ್ಟೇ ಇದೆ! ಸ್ಲೀಪ್‌ಗೆ ಹಾಕಿದರೆ ಆ 14 ಗಂಟೆಗೆ 3 ವ್ಯಾಟ್‌ನಂತೆ ತಿಂಗಳಿಗೆ 1 ಯೂನಿಟ್ ಚಿಲ್ಲರೆ. ಬೆಳಿಗ್ಗೆ ಎಲ್ಲವೂ ತೆರೆದೇ ಸಿಗುತ್ತದೆ, ಏಕೆಂದರೆ ಸ್ಲೀಪ್‌ನಲ್ಲಿ ರ್‍ಯಾಮ್‌ಗೆ ಕರೆಂಟ್ ಇದ್ದೇ ಇರುತ್ತದೆ. ಒಂದು ಪೈಸೆ ಖರ್ಚಿಲ್ಲದೆ ತಿಂಗಳಿಗೆ 26 ಯೂನಿಟ್.

ಹೊಸ ಗೇಮಿಂಗ್ ಡೆಸ್ಕ್‌ಟಾಪ್ ತಂದರೆ? ರಾತ್ರಿ ಸ್ಲೀಪ್‌ಗೆ ಹಾಕುತ್ತೀರಿ ಎಂದೇ ಇಟ್ಟುಕೊಂಡು ಹಗುರ ಕೆಲಸಕ್ಕೆ ಅದೇ 75, ಗೇಮಿಗೆ 480 ಹಿಡಿದರೆ ತಿಂಗಳಿಗೆ 47 ಯೂನಿಟ್. 34 ಇದ್ದದ್ದು 47 ಆಯಿತು. ಸಂಜೆ ಕೋಣೆಯಲ್ಲಿ ಮೂವರ ಬದಲು ಐವರು ಕುಳಿತಂತಾಯಿತು. ಅದೇ ಯಂತ್ರಕ್ಕೆ ಮಿತಿ ಹಾಕಿ ಹಗುರ ಕೆಲಸ 60, ಗೇಮ್ 260ಕ್ಕೆ ತಂದರೆ 30. ಗೇಮಿಂಗ್ ಲ್ಯಾಪ್‌ಟಾಪ್ ತಂದು ಹಗುರ ಕೆಲಸಕ್ಕೆ 20, ಗೇಮಿಗೆ 150 ಹಿಡಿದರೆ 14. ಹಳೆಯದನ್ನು ಗೇಮಿಗಷ್ಟೇ ಇಟ್ಟುಕೊಂಡು ಹಗಲಿನ ಕೆಲಸಕ್ಕೆ 15 ವ್ಯಾಟ್‌ನ ಮಿನಿ ಕಂಪ್ಯೂಟರ್ ತಂದರೆ 20. ಸೆಕೆಯೇ ದೊಡ್ಡ ಕಷ್ಟ ಎನ್ನುವುದಾದರೆ ಈ ಕೊನೆಯ ಎರಡರಲ್ಲಿ ಒಂದು ನಿಮಗೆ ತಕ್ಕದ್ದು. ಒಂದನ್ನು ಮಾತ್ರ ಮರೆಯಬೇಡಿ: 2 ಕಿಲೋವ್ಯಾಟ್‌ನ ನೀರಿನ ಹೀಟರ್ ದಿನಕ್ಕೆ ಅರ್ಧ ಗಂಟೆ ನಡೆದರೂ ತಿಂಗಳಿಗೆ 30 ಯೂನಿಟ್. ಬಿಲ್ ಇಳಿಸುವುದಷ್ಟೇ ಉದ್ದೇಶವಾದರೆ ಕಂಪ್ಯೂಟರ್ ಬದಲಿಸುವುದು ತಡವಾಗಿ ಫಲ ಕೊಡುವ ದಾರಿ. ಲ್ಯಾಪ್‌ಟಾಪಿನಂಥ ಸಾಧನವೊಂದನ್ನು ತಯಾರಿಸಲು ಆಗುವ ಇಂಗಾಲದ ಹೊರಸೂಸುವಿಕೆ ಸಾಮಾನ್ಯವಾಗಿ ಅದರ ಬಾಳಿನುದ್ದಕ್ಕೂ ಬಳಸುವ ಕರೆಂಟಿನದಕ್ಕಿಂತ ಹೆಚ್ಚು ಎಂಬುದೂ ಗಮನದಲ್ಲಿರಲಿ.

ಕೊಳ್ಳುವ ಮೊದಲು ಅಳೆಯಿರಿ. ಪ್ಲಗ್ ಮತ್ತು ಸಾಕೆಟ್ ನಡುವೆ ಸಿಕ್ಕಿಸುವ ವ್ಯಾಟ್ ಮೀಟರ್ ಸಿಗುತ್ತದೆ, ವ್ಯಾಟ್ ಜೊತೆಗೆ ಒಟ್ಟು ಯೂನಿಟ್ಟನ್ನೂ ತೋರಿಸುವಂಥದ್ದು ತನ್ನಿ. ಷಟ್‌ಡೌನ್ ಆದಾಗ, ಸ್ಲೀಪ್‌ನಲ್ಲಿ, ಶುರುವಾಗಿ ಹತ್ತು ನಿಮಿಷದ ನಂತರ ಏನೂ ಮಾಡದೆ ಇದ್ದಾಗ, ವಿಡಿಯೊ ನೋಡುವಾಗ, ಗೇಮ್ ಆಡುವಾಗ ಎಷ್ಟೆಷ್ಟು ಎಂದು ಬರೆದುಕೊಳ್ಳಿ. ಆಮೇಲೆ ಒಂದು ವಾರ ಹಾಗೇ ಬಿಟ್ಟು ಯೂನಿಟ್ ಓದಿ; ನಿಮ್ಮ ನಿಜವಾದ ಅಂಕಿ ಅದು. ಶುರುವಾದ ಕೂಡಲೇ ಓದಿದರೆ ಅಪ್‌ಡೇಟ್, ವೈರಸ್ ತಪಾಸಣೆ ನಡೆಯುತ್ತಿದ್ದು ಅಂಕಿ ಮೇಲಿರುತ್ತದೆ. ಕಂಪ್ಯೂಟರ್ ಒಳಗಿನ ತಂತ್ರಾಂಶಗಳು ತೋರಿಸುವ ವ್ಯಾಟ್ ಬರೀ ಪ್ರೊಸೆಸರ್ ಅಥವಾ ಕಾರ್ಡಿನದು, ಅದರಲ್ಲಿ ಎಸ್‌ಎಂಪಿಎಸ್ ನಷ್ಟ ಸೇರಿರುವುದಿಲ್ಲ. ತಂತಿಗೆ ಕಚ್ಚಿಸಿ ಓದುವ ಕ್ಲಾಂಪ್ ಮೀಟರಿನಲ್ಲಿ ಆಂಪಿಯರ್ ಓದಿ ವೋಲ್ಟಿನಿಂದ ಗುಣಿಸಿದರೂ ಲೆಕ್ಕ ತಪ್ಪುತ್ತದೆ. ಕರೆಂಟನ್ನು ವೋಲ್ಟೇಜಿನ ಲಯಕ್ಕೆ ಹೊಂದಿಸಿ ಎಳೆಯುವ ಏರ್ಪಾಡು, ಅಂದರೆ ಪವರ್ ಫ್ಯಾಕ್ಟರ್ ತಿದ್ದುಪಡಿ, ಇಲ್ಲದ ಹಳೆಯ ಎಸ್‌ಎಂಪಿಎಸ್‌ನಲ್ಲಿ ನಿಜವಾದ ವ್ಯಾಟ್ ಆ ಗುಣಲಬ್ಧಕ್ಕಿಂತ ಎಷ್ಟೋ ಕಡಿಮೆ.

ಸ್ಲೀಪ್ ಹೊಂದಿಸುವುದು ಸುಲಭ. ಸೆಟ್ಟಿಂಗ್ಸ್‌ನ ಪವರ್ ವಿಭಾಗದಲ್ಲಿ ಸ್ಕ್ರೀನ್‌ಗೆ 5 ನಿಮಿಷ, ಸ್ಲೀಪ್‌ಗೆ 15 ನಿಮಿಷ ಇಡಿ. ಕಷ್ಟ ಬರುವುದು ಆಮೇಲೆ: ಯಂತ್ರ ನಿದ್ದೆಗೇ ಹೋಗುವುದಿಲ್ಲ, ಇಲ್ಲವೇ ನಡುರಾತ್ರಿ ತಾನೇ ಎದ್ದು ಬೆಳಗಿನವರೆಗೂ ನಡೆಯುತ್ತದೆ. ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ’ ಆದೇಶವನ್ನು ‘ರಿಕ್ವೆಸ್ಟ್ಸ್’ ಆಯ್ಕೆಯೊಂದಿಗೆ (powercfg /requests) ಕೊಟ್ಟರೆ ನಿದ್ದೆ ತಡೆಯುತ್ತಿರುವವರ ಪಟ್ಟಿ ಬರುತ್ತದೆ. ಹೆಚ್ಚಾಗಿ ಅದು ಬ್ರೌಸರಿನಲ್ಲಿ ಎಲ್ಲೋ ಹಾಡುತ್ತಿರುವ ಒಂದು ಟ್ಯಾಬ್. ‘ಲಾಸ್ಟ್‌ವೇಕ್’ ಆಯ್ಕೆ (powercfg /lastwake) ಕಳೆದ ಸಲ ಎಬ್ಬಿಸಿದ್ದು ಯಾವುದು ಎಂದು ಹೇಳುತ್ತದೆ. ಮೌಸ್ ಅಥವಾ ನೆಟ್‌ವರ್ಕ್ ಕಾರ್ಡ್ ಎಂದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಅದರ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ಕಂಪ್ಯೂಟರನ್ನು ಎಬ್ಬಿಸುವ ಅನುಮತಿಯ ಗುರುತು ತೆಗೆಯಿರಿ. ಪವರ್ ಪ್ಲ್ಯಾನಿನ ಸುಧಾರಿತ ಆಯ್ಕೆಗಳಲ್ಲಿ ನಿಗದಿತ ಹೊತ್ತಿಗೆ ಯಂತ್ರವನ್ನು ಎಬ್ಬಿಸುವ ವೇಕ್ ಟೈಮರ್ಸ್ ಅನ್ನೂ ನಿಲ್ಲಿಸಿ. ಕರೆಂಟ್ ಆಗಾಗ ಹೋಗುವ ಕಡೆ ಸ್ಲೀಪ್ ಬದಲು ಹೈಬರ್ನೇಟ್ ವಾಸಿ. ರ್‍ಯಾಮ್‌ನಲ್ಲಿರುವುದೆಲ್ಲ ಡಿಸ್ಕಿಗೆ ಹೋಗಿ ಕುಳಿತಿರುತ್ತದೆ, ಕರೆಂಟ್ ಹೋದರೂ ಏನೂ ಕಳೆಯುವುದಿಲ್ಲ.

ಗೇಮಿನ ಹೊತ್ತಿನಲ್ಲಿ ಮೊದಲು ಫ್ರೇಮ್ ಮಿತಿ ಹಾಕಿ. ನಿಮ್ಮ ಮಾನಿಟರ್ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸಬಲ್ಲದು, ಕಾರ್ಡ್ 140 ತಯಾರಿಸುತ್ತಿದ್ದರೆ ಉಳಿದ 80 ನಿಮ್ಮ ಕಣ್ಣಿಗೆ ಪೂರ್ತಿಯಾಗಿ ಬೀಳುವುದೇ ಇಲ್ಲ, ಅವುಗಳ ಶಾಖ ಮಾತ್ರ ಕೋಣೆಗೆ ಬೀಳುತ್ತದೆ. ಕಾರ್ಡಿನ ಡ್ರೈವರ್ ನಿಯಂತ್ರಣದಲ್ಲಿ ಗರಿಷ್ಠ ಫ್ರೇಮ್ ದರವನ್ನು 60ಕ್ಕೆ ಇಡಿ. ಮೆನು ಪರದೆಗಳಲ್ಲಿ ಕಾರ್ಡ್ ಸುಮ್ಮನೆ ಸಾವಿರಗಟ್ಟಲೆ ಚಿತ್ರ ತಯಾರಿಸುವುದೂ ಇದರಿಂದ ನಿಲ್ಲುತ್ತದೆ. ನಂತರ ಆಫ್ಟರ್‌ಬರ್ನರ್‌ನಂಥ ತಂತ್ರಾಂಶದಲ್ಲಿ ಪವರ್ ಲಿಮಿಟ್ಟನ್ನು 100ರಿಂದ 75ಕ್ಕೆ ಇಳಿಸಿ, ಶುರುವಾಗುವಾಗಲೇ ಜಾರಿಯಾಗುವಂತೆ ಗುರುತು ಹಾಕಿ. ಇದರಿಂದ ಹಾನಿಯೇನೂ ಇಲ್ಲ. ವೋಲ್ಟೇಜನ್ನೇ ಇಳಿಸುವ ಅಂಡರ್‌ವೋಲ್ಟಿಂಗ್ ಇನ್ನೂ ಚೆನ್ನಾಗಿ ಫಲ ಕೊಡುತ್ತದೆ, ಆದರೆ ಅತಿಯಾದರೆ ಗೇಮ್ ತಟ್ಟನೆ ಮುಚ್ಚಿಹೋಗುತ್ತದೆ. ಅದೂ ಐದು ನಿಮಿಷದಲ್ಲಲ್ಲ, ಒಂದು ಗಂಟೆ ಆಡಿದ ಮೇಲೆ. ಹೊಸ ರೈಜನ್ ಕೊಂಡವರು ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್) 65 ವ್ಯಾಟ್‌ನ ಇಕೊ ಮೋಡ್ ಹಾಕಬಹುದು, ಆಗ ಪ್ರೊಸೆಸರ್ ಸಾಕೆಟ್ಟಿಗೆ 88 ವ್ಯಾಟ್ ದಾಟುವುದಿಲ್ಲ. ಇಂಟೆಲ್ ಆದರೆ ಪಿಎಲ್1 (ದೀರ್ಘ ಹೊತ್ತಿನದು), ಪಿಎಲ್2 (ಸ್ವಲ್ಪ ಹೊತ್ತಿನದು) ಎಂಬ ವ್ಯಾಟ್ ಮಿತಿಗಳನ್ನು ನೋಡಿ. ಕೆಲವು ಮದರ್‌ಬೋರ್ಡ್‌ಗಳು ಈ ಮಿತಿಯನ್ನು ಕಾರ್ಖಾನೆಯಲ್ಲೇ ತೆಗೆದುಹಾಕಿರುತ್ತವೆ.

ವಿಡಿಯೊ ಬಗ್ಗೆ ನಿಮ್ಮ ಯಂತ್ರಕ್ಕೇ ಸಂಬಂಧಿಸಿದ ಒಂದು ಸಂಗತಿ. 2013ರ ಪ್ರೊಸೆಸರೂ ಆ ಕಾಲದ ಕಾರ್ಡೂ ಎಚ್.264 ವಿಡಿಯೊವನ್ನು ಪ್ರತ್ಯೇಕ ಸರ್ಕ್ಯೂಟಿನಲ್ಲಿ ಬಿಡಿಸುತ್ತವೆ, ವಿಪಿ9 ಮತ್ತು ಎವಿ1 ಅನ್ನು ಬಿಡಿಸಲಾರವು. ಈ ಮೂರೂ ವಿಡಿಯೊವನ್ನು ಕುಗ್ಗಿಸಿ ಕಳಿಸುವ ವಿಧಾನಗಳು. ಇಂದಿನ ವಿಡಿಯೊ ತಾಣಗಳು ಹೆಚ್ಚಾಗಿ ಕೊಡುವುದು ವಿಪಿ9, ಎವಿ1 ಎರಡನ್ನೇ. ಆಗ ಎಲ್ಲ ಕೆಲಸ ಪ್ರೊಸೆಸರ್ ತಲೆಯ ಮೇಲೆ ಬಿದ್ದು ಇಪ್ಪತ್ತು ಮೂವತ್ತು ವ್ಯಾಟ್ ಹೆಚ್ಚಾಗುತ್ತದೆ. ವಿಡಿಯೊ ನಡೆಯುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ಭಾಗದ ‘ವಿಡಿಯೊ ಡಿಕೋಡ್’ ಗೆರೆ ಸೊನ್ನೆಯಲ್ಲೇ ಇದ್ದು ಪ್ರೊಸೆಸರ್ ಏರಿದ್ದರೆ ಇದೇ ಕಾರಣ. ತಾಣವು ಎಚ್.264ನ್ನೇ ಕಳಿಸುವಂತೆ ಮಾಡುವ ಬ್ರೌಸರ್ ಎಕ್ಸ್‌ಟೆನ್ಷನ್‌ಗಳಿವೆ, ಹಾಕಿಕೊಳ್ಳಿ; ತೀರಾ ಎತ್ತರದ ಗುಣಮಟ್ಟಗಳು ಸಿಗದೇ ಹೋಗಬಹುದು. ಎವಿ1 ಬಿಡಿಸುವ ಸರ್ಕ್ಯೂಟ್ ಬಂದದ್ದು 2020ರ ಇಂಟೆಲ್ 11ನೇ ಪೀಳಿಗೆಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ, ಅದೇ ವರ್ಷದ ಆರ್‌ಟಿಎಕ್ಸ್ 30 ಸರಣಿಯಲ್ಲಿ. ಮಿನಿ ಕಂಪ್ಯೂಟರ್ ಕೊಳ್ಳುವಾಗ ಇದೊಂದನ್ನು ಖಚಿತಪಡಿಸಿಕೊಳ್ಳಿ.

ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ನಾಲ್ಕೈದು ವ್ಯಾಟ್ ಉಳಿಯಬಹುದು. ವೇಗಕ್ಕಾಗಿ ಹಾಕಿ, ಕರೆಂಟಿಗಾಗಿ ಬೇಡ. ಮಾನಿಟರಿನ ಬೆಳಕನ್ನು ಕಣ್ಣಿಗೆ ಹಿತವಾಗುವಷ್ಟಕ್ಕೆ ಇಳಿಸಿದರೂ ಕೆಲವು ವ್ಯಾಟ್ ಸಿಗುತ್ತದೆ.

ಹೊಸ ಗೇಮಿಂಗ್ ಡೆಸ್ಕ್‌ಟಾಪ್ ಬೇಕೇ ಬೇಕು ಎಂದಾದರೆ 200 ವ್ಯಾಟ್ ಆಸುಪಾಸಿನ ಕಾರ್ಡ್, 65 ವ್ಯಾಟ್‌ನ ಪ್ರೊಸೆಸರ್, 550ರಿಂದ 650 ವ್ಯಾಟ್‌ನ ಗೋಲ್ಡ್ ದರ್ಜೆಯ ಎಸ್‌ಎಂಪಿಎಸ್ ಕೇಳಿ. ಹಳೆಯದನ್ನು ಫೈಲ್ ಇಡುವ ಸರ್ವರ್ ಮಾಡಿ ಮೂಲೆಯಲ್ಲಿ ಹಗಲಿರುಳು ನಡೆಸುವ ಆಸೆ ಬರುತ್ತದೆ. 60 ವ್ಯಾಟ್‌ನಂತೆ ಅದೊಂದೇ ತಿಂಗಳಿಗೆ 43 ಯೂನಿಟ್ ನುಂಗುತ್ತದೆ. ಮಾಡಲೇಬೇಕೆಂದರೆ ಗ್ರಾಫಿಕ್ಸ್ ಕಾರ್ಡನ್ನು ಕಿತ್ತಿಟ್ಟು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ನಡೆಸಿ, ಕೆಲಸವಿಲ್ಲದಾಗ ಸ್ಲೀಪ್‌ಗೆ ಹೋಗುವಂತೆ ಇಟ್ಟು, ಬೇಕಾದಾಗ ನೆಟ್‌ವರ್ಕ್ ಮೂಲಕ ಎಬ್ಬಿಸುವ ವೇಕ್ ಆನ್ ಲ್ಯಾನ್ ಸೌಲಭ್ಯವನ್ನು ಬಯಾಸ್‌ನಲ್ಲಿ ತೆರೆದಿಡಿ.